ವ್ಯಾಟ್ ನೋಡಿ ರೌಟರ್ ತಗೋಬೇಡ್ರಿ!

ರೌಟರ್ ಅಂದ ಕೂಡಲೇ ವೈಫೈ ಡಬ್ಬಿ ನೆನಪಾಯ್ತಾ? ಹೋದ ವರ್ಷದವರೆಗೆ ನನಗೂ ಅಷ್ಟೇ ಗೊತ್ತಿತ್ತು :-) ಇದು ಮರಗೆಲಸದ ರೌಟರ್. ಮೂಡಲಗಿಯಲ್ಲಿ ನಮ್ಮ ಕಾಕಾ ಬಾಗಿಲು, ಚೌಕಟ್ಟು ಮಾಡ್ತಾರೆ. ರೌಟರನ್ನು ಟೇಬಲ್ ಅಡಿಯಲ್ಲಿ ತಲೆಕೆಳಗಾಗಿ ಕೂರಿಸಿ, ಮೇಲೆ ಇಣುಕುವ ಬಿಟ್ಟಿಗೆ ಮರ ತಳ್ಳಿದರೆ ಅಂಚಿನ ಡಿಸೈನು, ಗಾಡಿ ಎಲ್ಲ ಸಲೀಸು. "ನೀ ಇಂಜಿನಿಯರ್ ಅದಿ ಅಲ್ಲೇನೋ, ಒಂದ್ ಚಲೋ ಮಷಿನ್ ನೋಡಿ ಕೊಡಸು" ಅಂದ್ರು. ನಾನು ಕಂಪ್ಯೂಟರ್ ಇಂಜಿನಿಯರ್ ಅಂದ್ರೆ ಊರಲ್ಲಿ ಯಾರು ಕೇಳ್ತಾರೆ!

ಅಂಗಡಿಯವನು ಹೇಳಿದ್ದು ಒಂದೇ ಮಾತು, "ವ್ಯಾಟ್ ಭಾಳ ಐತ್ರಿ, ಏನ್ ಬೇಕಾದ್ರೂ ಹೊಡೀತೈತಿ". ಇಂಟರ್ನೆಟ್ಟಿನಲ್ಲಿ ನೋಡಿದರೂ ಅದೇ ಭಜನೆ. ನಾನೂ ಹೂಂ ಅಂದೆ. ಸಿಟ್ಟು ಬಂದಿರುವುದು ನನ್ನ ಮೇಲೂ.

ಬಾಗಿಲ ಹಲಗೆಯ ಅಂಚನ್ನು ಇಳಿಜಾರು ಮಾಡುವ ಬಿಟ್ಟು 80 ಮಿ.ಮೀ. ಅಗಲ. ನಾವು ತಂದ ಮಷಿನ್ನಿಗೆ ಒಂದೇ ಸ್ಪೀಡು, ನಿಮಿಷಕ್ಕೆ 22,000 ಸುತ್ತು. ಲೆಕ್ಕ ಹಾಕಿ: ಬಿಟ್ಟಿನ ಅಂಚು ಗಂಟೆಗೆ 330 ಕಿ.ಮೀ. ವೇಗದಲ್ಲಿ ತಿರುಗುತ್ತೆ, ಅದೂ ಬೆರಳಿನ ಪಕ್ಕ. ಅಂಥ ಬಿಟ್ಟನ್ನು 12,000ದ ಆಸುಪಾಸಿನಲ್ಲಿ ಓಡಿಸಬೇಕು. ಸ್ಪೀಡ್ ಇಳಿಸುವ ಡಯಲ್ ಇಲ್ಲದ ಮೇಲೆ ಎಷ್ಟು ವ್ಯಾಟ್ ಇದ್ದರೇನು?

"ಹಂಗಾದ್ರ ಸಣ್ಣ ಟ್ರಿಮ್ಮರ್ ಸಾಕಲ್ಲ" ಅನ್ನೋರೂ ಇದ್ದಾರೆ. ಗೋಕಾಕದ ಗೊಂಬೆಯಂಥ ಹಗುರ ಮರದ ಕೆಲಸಕ್ಕಾದರೆ ಸೈ. ಸಾಗವಾನಿ ಬಾಗಿಲಿಗೆ ಅಲ್ಲ. ಕಾಲಿಂಚಿನ ದಂಡಕ್ಕಿಂತ ಅರ್ಧ ಇಂಚಿನದು ಎರಡು ಪಟ್ಟಲ್ಲ, ಹದಿನಾರು ಪಟ್ಟು ಬಾಗದೆ ನಿಲ್ಲುತ್ತೆ. ಮತ್ತೆ 12 ಮಿ.ಮೀ. ಕೊಲೆಟ್ಟಿಗೆ ಅರ್ಧ ಇಂಚಿನ ಬಿಟ್ಟು ಹೋಗಲ್ಲ, ಅದು 12.7! ಇದನ್ನು ಕಲಿತದ್ದು ಎರಡು ಬಿಟ್ಟಿನ ದುಡ್ಡು ಕೊಟ್ಟ ಮೇಲೆ. ಎತ್ತರವನ್ನು ಟೇಬಲ್ಲಿನ ಮೇಲಿಂದಲೇ ತಿರುಗಿಸಿ ಸರಿಮಾಡಲು ಬರುತ್ತಾ ಅಂತಲೂ ಕೇಳಿ. ಇಲ್ಲವಾದರೆ ದಿನವೆಲ್ಲ ಕೆಳಗೆ ಬಗ್ಗಿ ಸ್ಪ್ರಿಂಗಿನ ಜೊತೆ ಕುಸ್ತಿ.

ಇವೆಲ್ಲ ಬಿಡಿ, ಯಾರೂ ಮಾತಾಡದ್ದು ಸ್ವಿಚ್ಚಿನ ಬಗ್ಗೆ. ಹುಕ್ಕೇರಿಯವರಿಗೆ 1969ರಿಂದ ತಮ್ಮದೇ ವಿದ್ಯುತ್ ಸಹಕಾರ ಸಂಘ, ನಮಗೆ ಹೆಸ್ಕಾಂ. ಕರೆಂಟು ಯಾರದ್ದಾದರೂ ಮಳೆಗಾಳಿಗೆ ಒಮ್ಮೊಮ್ಮೆ ಹೋಗಿ ಬರುತ್ತೆ. ಅವತ್ತೂ ಹೋಯ್ತು. ಸ್ವಿಚ್ಚು ಲಾಕ್ ಆಗಿಯೇ ಇತ್ತು. ಕಾಕಾ ಬಿಟ್ಟಿನ ಸುತ್ತ ಕೂತ ಹೊಟ್ಟನ್ನು ಕೈಯಿಂದ ಸರಿಸ್ತಿದ್ರು, ಕರೆಂಟು ಬಂತು... ತೋರುಬೆರಳಿನ ಉಗುರು, ಜೊತೆಗೆ ತುದಿಯ ಸ್ವಲ್ಪ ಮಾಂಸ. ಅಷ್ಟಕ್ಕೇ ಬಚಾವ್.

ನಮ್ಮ ಹೊಲದ ಪಂಪ್‌ಸೆಟ್ ಸ್ಟಾರ್ಟರ್ ಇಲ್ವಾ, ಕರೆಂಟು ಹೋದರೆ ತಾನೇ ಬೀಳುತ್ತೆ, ಹಸಿರು ಗುಂಡಿ ಒತ್ತುವವರೆಗೆ ಏಳಲ್ಲ. ಟೇಬಲ್ ರೌಟರಿಗೂ ಅಂಥ ಸ್ವಿಚ್ಚೇ ಬೇಕು, ಕೆಂಪು ಗುಂಡಿ ಮೊಣಕಾಲಿಗೆ ಸಿಗೋ ಹಾಗೆ. ಮಷಿನ್ನಿನ ಬೆಲೆ ಮುಂದೆ ಅದು ಯಾವ ಲೆಕ್ಕ? ಅಂಗಡಿಯವನನ್ನು ಕೇಳಿದರೆ "ಯಾರೂ ಕೇಳೂದಿಲ್ರೀ, ಅದಕ್ಕ ಇಟ್ಟಿಲ್ಲ" ಅಂದ. ಕೇಳದೇ ಇರೋರಿಗೇ ಹೇಳಬೇಕಾದ್ದು ಮಾರುವವನ ಕೆಲಸ ಅಲ್ವೇನ್ರೀ? ಸುಡುಗಾಡು ವ್ಯಾಟ್ ಬಗ್ಗೆ ಅರ್ಧ ಗಂಟೆ ಹೇಳೋಕೆ ಅವನಿಗೆ ಬಾಯಿತ್ತು.

ಮಷಿನ್ ವಾಪಸ್ ತಗೊಳ್ಳಲಿಲ್ಲ. ಕಾಕಾ ಅದರಲ್ಲಿ ಸಣ್ಣ ಬಿಟ್ಟುಗಳನ್ನಷ್ಟೇ ಹಾಕ್ತಾರೆ. ಸ್ವಿಚ್ಚು ನಾನೇ ತಂದು ಜೋಡಿಸಿದೆ. 80ರ ಬಿಟ್ಟು ಇನ್ನೂ ಡಬ್ಬಿಯಲ್ಲೇ ಇದೆ.