ಇದು ಆಷಾಢದ ರಿಯಾಯಿತಿಯಲ್ಲ

ಷೇರುಪೇಟೆ ಕುಸಿದಾಗಲೆಲ್ಲ ಟಿವಿ ಚರ್ಚೆಯಿಂದ ಹಿಡಿದು ಮನೆಮಂದಿಯ ವಾಟ್ಸಾಪ್ ಗುಂಪಿನವರೆಗೆ ಒಂದೇ ಮಾತು: 'ಟೆಕ್ ಷೇರು ಅರ್ಧ ಬೆಲೆಗೆ ಸಿಗ್ತಿದೆ, ಈಗಲೇ ತಗೊಳ್ಳಿ.' ಇದು ಆಷಾಢದಲ್ಲಿ ಸೀರೆ ಕೊಳ್ಳುವವರ ಲೆಕ್ಕ. ಸೀರೆಯ ಹಳೆಯ ಬೆಲೆಗೆ ನೂಲು, ನೇಯ್ಗೆಯ ಖರ್ಚಿನ ಆಧಾರವಾದರೂ ಇರುತ್ತದೆ. ಷೇರಿನ ಗರಿಷ್ಠ ಬೆಲೆಗಿರುವ ಆಧಾರ ಇಷ್ಟೇ: ಆ ದಿನ ಯಾರೋ ಅಷ್ಟು ಕೊಟ್ಟಿದ್ದರು.

2021ರ ನವೆಂಬರಿನಲ್ಲಿ ಪೇಟಿಎಂ ತನ್ನ ಷೇರನ್ನು 2,150 ರೂಪಾಯಿಗೆ ಮಾರಿತು. ಪೇಟೆಗೆ ಬಂದ ಮೊದಲ ದಿನವೇ ಅದು ಶೇ. 27ರಷ್ಟು ಬಿತ್ತು. ಅಗ್ಗವಾಯಿತೆಂದು ಅಂದು ಕೊಂಡವರು ವರ್ಷ ಕಳೆಯುವಷ್ಟರಲ್ಲಿ ಅದನ್ನು 500ಕ್ಕಿಂತ ಕೆಳಗೆ ಕಂಡರು. ಅದೇ ವರ್ಷ 76 ರೂಪಾಯಿಗೆ ಬಂದ ಜೊಮ್ಯಾಟೊ 2022ರ ಜುಲೈನಲ್ಲಿ 41ರ ಆಸುಪಾಸಿಗೆ ಇಳಿಯಿತು. ನಷ್ಟ ಕರಗಿ ಲಾಭ ಕಾಣಿಸಿಕೊಂಡ ಮೇಲೆ, 2024ರಲ್ಲಿ 250 ದಾಟಿತು. ಬಿದ್ದದ್ದು ಎರಡೂ. ಯಾವುದು ಏಳುತ್ತದೆಂದು ಬಿದ್ದ ಆಳ ಹೇಳಲಿಲ್ಲ.

'ಗಟ್ಟಿ ಕಂಪನಿಯನ್ನೇ ಕೊಂಡರಾಯಿತು' ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. 2000ದ ಮಾರ್ಚಿನಲ್ಲಿ ಅಮೆರಿಕದ ಸಿಸ್ಕೊ ಷೇರು 80 ಡಾಲರ್ ಮುಟ್ಟಿತ್ತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕಂಪನಿಯ ಆದಾಯ ಎರಡು ಪಟ್ಟಿಗೂ ಮೀರಿ ಬೆಳೆಯಿತು, ಷೇರು ಮಾತ್ರ ಒಮ್ಮೆಯೂ ಆ ಎತ್ತರಕ್ಕೆ ಮರಳಲಿಲ್ಲ. ಕಂಪನಿ ಗಟ್ಟಿಯೇ ಇತ್ತು. ಕೊಟ್ಟ ಬೆಲೆ ವಿಪರೀತವಾಗಿತ್ತು.

ಹಾಗಾದರೆ ಲಾಭವನ್ನೇ ನೋಡೋಣ ಎಂದರೆ, ಅಲ್ಲೂ ಎಚ್ಚರ ಬೇಕು. 2022ರ ಕೊನೆಯ ತ್ರೈಮಾಸಿಕದಲ್ಲಿ ಪೇಟಿಎಂ ಕಾರ್ಯಾಚರಣೆಯಲ್ಲಿ ಲಾಭ ಮುಟ್ಟಿದೆನೆಂದು ಘೋಷಿಸಿತು. ನೌಕರರಿಗೆ ಷೇರಿನ ರೂಪದಲ್ಲಿ ಕೊಟ್ಟ ಸಂಬಳದ ಖರ್ಚು ಆ ಲೆಕ್ಕದಿಂದ ಹೊರಗಿತ್ತು. ಅದೇ ತ್ರೈಮಾಸಿಕದ ನಿವ್ವಳ ನಷ್ಟ 392 ಕೋಟಿ ರೂಪಾಯಿ. ನೌಕರರಿಗೆ ಕೊಡುವ ಷೇರೇನು ಪುಕ್ಕಟೆಯೇ? ಹೊಸ ಷೇರು ಹಂಚಿದಷ್ಟೂ ಹಳೆಯ ಷೇರುದಾರನ ಪಾಲು ತೆಳುವಾಗುತ್ತದೆ.

ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸಲು ಕಳೆದ ವರ್ಷದ ಬೆಲೆ ಬೇಕಿಲ್ಲ. ಎಲ್ಲ ಖರ್ಚು ಕಳೆದು ಕೈಗೆ ಎಷ್ಟು ಹಣ ಉಳಿಯುತ್ತದೆ? ಉಳಿಯದಿದ್ದರೆ, ಉಳಿಯುವ ಕಾಲದವರೆಗೆ ಕಂಪನಿ ಯಾರ ದುಡ್ಡಿನಲ್ಲಿ ನಡೆಯುತ್ತದೆ? ಆ ಹೊತ್ತಿಗೆ ಪಾಲುದಾರರು ಎಷ್ಟಾಗಿರುತ್ತಾರೆ? ಕೊಂಡರೂ ಮಾರಿದರೂ ದಲ್ಲಾಳಿಗೆ ಕಮಿಷನ್ ಸಿಗುತ್ತದೆ. ಭವಿಷ್ಯನಿಧಿಯ ದುಡ್ಡು ತಂದು ಹಾಕಿದವರಿಗೆ ಆ ಅನುಕೂಲವಿಲ್ಲ. 'ಅಗ್ಗ' ಎಂದವರನ್ನು ಅವರು 'ಯಾವುದಕ್ಕೆ ಹೋಲಿಸಿದರೆ?' ಎಂದು ಕೇಳಲೇಬೇಕು. ಉತ್ತರ ಹಳೆಯ ಬೆಲೆಯಾದರೆ, ದುಡ್ಡು ಬ್ಯಾಂಕಿನಲ್ಲೇ ಇರಲಿ.