ಚಕ್ರದಡಿ ಸಿಲುಕಿದವರಿಗೆ ನ್ಯಾಯ ಎಲ್ಲಿದೆ?

2002 ಸೆಪ್ಟೆಂಬರ್ 28ರ ನಸುಕಿನಲ್ಲಿ ಮುಂಬೈಯ ಬಾಂದ್ರಾದಲ್ಲಿ ಬೇಕರಿಯೊಂದರ ಮುಂದೆ ಮಲಗಿದ್ದವರ ಮೇಲೆ ನಟ ಸಲ್ಮಾನ್ ಖಾನ್‌ರ ಕಾರು ಹರಿಯಿತು. ಓರ್ವ ಮೃತಪಟ್ಟು ನಾಲ್ವರು ಗಾಯಗೊಂಡರು. ಸೆಷನ್ಸ್ ನ್ಯಾಯಾಲಯವು ಐದು ವರ್ಷಗಳ ಶಿಕ್ಷೆ ವಿಧಿಸಿದ್ದು 2015 ಮೇ 6ರಂದು. ಅದೇ ದಿನ ಮಧ್ಯಂತರ ಜಾಮೀನು ದೊರೆಯಿತು. ಎರಡೇ ದಿನಗಳಲ್ಲಿ ಶಿಕ್ಷೆ ಅಮಾನತಾಯಿತು. ಡಿಸೆಂಬರ್ 10ರಂದು ಬಾಂಬೆ ಹೈಕೋರ್ಟು, ಕಾರು ಚಲಾಯಿಸುತ್ತಿದ್ದವರು ಇವರೇ ಎಂಬುದು ಸಾಬೀತಾಗಿಲ್ಲವೆಂದು ಬಿಡುಗಡೆಗೊಳಿಸಿತು. ಸಾಕ್ಷ್ಯವಿಲ್ಲದೆ ಯಾರನ್ನೂ ಶಿಕ್ಷಿಸಬಾರದೆಂಬುದು ಸರಿಯೇ. ಆದರೆ ಹದಿಮೂರು ವರ್ಷಗಳಲ್ಲಿ ಚಾಲಕ ಯಾರೆಂಬುದನ್ನೂ ಸಾಬೀತುಪಡಿಸಲಾಗದ ವ್ಯವಸ್ಥೆಗೆ ಏನನ್ನಬೇಕು? ದೂರು ದಾಖಲಿಸಿದ್ದ ಪೊಲೀಸ್ ಪೇದೆ 2007ರಲ್ಲೇ ಕ್ಷಯರೋಗದಿಂದ ತೀರಿಕೊಂಡಿದ್ದರು. ವಿಚಾರಣೆ ವಿಳಂಬವಾದಷ್ಟೂ ಸಾಕ್ಷ್ಯವೂ ಸಾಯುತ್ತದೆ.

ಅಂದು ಸತ್ತವರೂ ಆರೋಪಿಯೂ ಒಂದೇ ಸಮುದಾಯಕ್ಕೆ ಸೇರಿದವರು. ಆದರೆ ಅನುಕಂಪ ಹರಿದದ್ದು ಯಾರ ಕಡೆಗೆ? ತೀರ್ಪಿನ ದಿನ ಹಿನ್ನೆಲೆ ಗಾಯಕರೊಬ್ಬರು, ರಸ್ತೆಯಲ್ಲಿ ಮಲಗುವವರು ನಾಯಿಯಂತೆ ಸಾಯುತ್ತಾರೆಂದು ಬರೆದರು. ಮಲಗಲು ಸೂರಿಲ್ಲದಿರುವುದೇ ಅಪರಾಧವೆಂದಾದರೆ, ಮನುಷ್ಯ ಜೀವಕ್ಕೆ ಈ ದೇಶದಲ್ಲಿ ಬೆಲೆ ಉಳಿಯಿತೇ?

ಇದು ಒಂದು ಪ್ರಕರಣದ ಕತೆಯಲ್ಲ. 1999 ಜನವರಿಯಲ್ಲಿ ದೆಹಲಿಯಲ್ಲಿ ಬಿಎಂಡಬ್ಲ್ಯು ಕಾರೊಂದು ಮೂವರು ಪೊಲೀಸರ ಸಹಿತ ಆರು ಮಂದಿಯನ್ನು ಬಲಿ ತೆಗೆದುಕೊಂಡಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬರೇ ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ನರಹತ್ಯೆ ಎಂದಿತು. ಆದರೆ ಶಿಕ್ಷೆ? ಅದಾಗಲೇ ಅನುಭವಿಸಿದ ಎರಡು ವರ್ಷ, 50 ಲಕ್ಷ ರೂಪಾಯಿ ಮತ್ತು ಸಮಾಜಸೇವೆ. 2006ರಲ್ಲಿ ಮುಂಬೈಯ ಕಾರ್ಟರ್ ರಸ್ತೆಯಲ್ಲಿ ಮಲಗಿದ್ದ ಏಳು ಕೂಲಿಕಾರರು ಸತ್ತಾಗ ಕೆಳ ನ್ಯಾಯಾಲಯ ನೀಡಿದ್ದು ಆರು ತಿಂಗಳ ಶಿಕ್ಷೆ! ಹೈಕೋರ್ಟು ಅದನ್ನು ಮೂರು ವರ್ಷಕ್ಕೇರಿಸಿತು. ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಎರಡು ವರ್ಷ, ನರಹತ್ಯೆಗೆ ಹತ್ತು ವರ್ಷದವರೆಗೆ ಎಂದಿತ್ತು ಹಳೆಯ ದಂಡ ಸಂಹಿತೆ. ಈ ಎರಡು ಕಲಮುಗಳ ನಡುವಿನ ಅಂತರದಲ್ಲೇ ದುಬಾರಿ ವಕೀಲರ ವಾದ ನಡೆಯುತ್ತದೆ. ಬಡವನ ಕುಟುಂಬಕ್ಕೆ ಆ ವಾದದ ಭಾಷೆಯೂ ಅರ್ಥವಾಗುವುದಿಲ್ಲ.

2024 ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಎಂದಿದೆ. ಆದರೆ ಶಿಕ್ಷೆಯ ವರ್ಷಗಳನ್ನು ಹೆಚ್ಚಿಸಿದರೆ ಸಾಕೇ? ಅದೇ ವರ್ಷ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನ ಪೋರ್ಶೆ ಕಾರು ಇಬ್ಬರು ತರುಣ ಇಂಜಿನಿಯರ್‌ಗಳ ಜೀವ ತೆಗೆಯಿತು. ಮೊದಲು ದೊರೆತದ್ದು ಜಾಮೀನು ಮತ್ತು 300 ಪದಗಳ ಪ್ರಬಂಧ ಬರೆಯುವ ಷರತ್ತು. ಬಳಿಕ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಸರಕಾರಿ ವೈದ್ಯರು ಬಂಧಿತರಾದರು. ರಕ್ತವನ್ನೇ ಬದಲಿಸಲು ಸಾಧ್ಯವಾದರೆ ಶಿಕ್ಷೆ ಐದು ವರ್ಷವಿದ್ದರೇನು, ಐವತ್ತಿದ್ದರೇನು? ಆಗ ಕಠಿಣ ಕಾನೂನಿಗೆ ಸಿಕ್ಕಿ ಬೀಳುವವನು ನಿದ್ದೆಗೆಟ್ಟು ದುಡಿಯುವ ಲಾರಿ ಚಾಲಕ ಮಾತ್ರ.

ಆದ್ದರಿಂದ ಬೇಕಿರುವುದು ಶೀಘ್ರ ವಿಚಾರಣೆ, ಕಾವಲಿನಲ್ಲಿ ರಕ್ತ ಪರೀಕ್ಷೆ, ಸಾಕ್ಷಿಗಳಿಗೆ ರಕ್ಷಣೆ, ಮೃತರ ಕುಟುಂಬಕ್ಕೆ ಉಚಿತ ಕಾನೂನು ನೆರವು. ವಿಮೆಯ ಪರಿಹಾರ ಆ ಕುಟುಂಬದ ಹಕ್ಕು. ಅದು ಅಪರಾಧಿಯ ಬಿಡುಗಡೆ ಪತ್ರವಲ್ಲ.

ಆದರೆ ಬರೇ ಸರಕಾರವನ್ನು ದೂರಿ ನಾವು ಪಾರಾಗುವಂತಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಪರವಾನಿಗೆಯಿಲ್ಲದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಹೆಮ್ಮೆಪಡುವ ಹೆತ್ತವರು ನಮ್ಮ ಬೀದಿಗಳಲ್ಲಿಲ್ಲವೇ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಅಂಥ ಪೋಷಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25 ಸಾವಿರ ರೂಪಾಯಿ ದಂಡವೆನ್ನುತ್ತದೆ. ಅನ್ಯಾಯವಾಗಿ ಒಂದು ಜೀವ ತೆಗೆಯುವುದು ಇಡೀ ಮನುಕುಲವನ್ನೇ ಕೊಂದಂತೆ ಎಂದು ನಂಬುವ ಸಮುದಾಯವೊಂದಕ್ಕೆ ಇದನ್ನು ಕಾನೂನು ಬಂದು ಕಲಿಸಬೇಕಾಗಿ ಬಂದದ್ದೇ ವಿಷಾದಕರ. ಪುಣೆಯ ಶ್ರೀಮಂತನನ್ನು ಖಂಡಿಸುವ ಮುನ್ನ ನಾವು ನಮ್ಮ ಮನೆಯ ಕೀಲಿ ಎಲ್ಲಿದೆಯೆಂದು ನೋಡಿಕೊಳ್ಳೋಣ.