ಕಾಲಿನ ಆಣಿಗೆ ಬ್ಲೇಡು ಮದ್ದಲ್ಲ

ದಾವಣಗೆರೆಯ ಮಂಡಿಪೇಟೆ ಇರಲಿ, ಯಾವ ಊರಿನ ಜವಳಿ ಬೀದಿಯೇ ಇರಲಿ, ಬೆಳಿಗ್ಗೆ ಬಾಗಿಲು ತೆಗೆದ ಅಂಗಡಿ ಹುಡುಗರು ರಾತ್ರಿ ಬಾಗಿಲು ಹಾಕುವವರೆಗೆ ನಿಂತೇ ಇರುತ್ತಾರೆ. ಮನೆಗೆ ಹೋಗುವ ಬಸ್ಸಿನಲ್ಲೂ ಸೀಟಿಲ್ಲ, ಅಲ್ಲೂ ನಿಂತೇ ಪಯಣ. ಇಂಥವರ ಕಾಲಿಗೆ ಆಣಿ ಬಂದರೆ ಆಶ್ಚರ್ಯವೇನು? ಆಶ್ಚರ್ಯವೆಲ್ಲ ಅದಕ್ಕೆ ಮಾಡಿಕೊಳ್ಳುವ ಮದ್ದಿನದು. “ಬೇರು ಸಮೇತ ಕಿತ್ತು ಬಿಸಾಕ್ತೀನಿ” ಎಂದು ಬ್ಲೇಡು ಹಿಡಿದು ಕೂರುವವರುಂಟು. ಸುಣ್ಣ-ಸೋಡಾ ಹಚ್ಚಿ ಚರ್ಮ ಸುಟ್ಟುಕೊಳ್ಳುವವರೂ ಉಂಟು.

ಅಸಲಿಗೆ ಆಣಿಗೆ ಬೇರೇ ಇಲ್ಲ. ಒಂದೇ ಜಾಗಕ್ಕೆ ಒತ್ತಡ, ತಿಕ್ಕಾಟ ಬೀಳುತ್ತಿದ್ದರೆ ಚರ್ಮ ತನ್ನ ರಕ್ಷಣೆಗೆ ತಾನೇ ದಪ್ಪವಾಗುತ್ತದೆ. ಹಿಮ್ಮಡಿಯಲ್ಲೋ ಮುಂಗಾಲಿನಲ್ಲೋ ಅಗಲವಾಗಿ ಹರಡಿದರೆ ಅದು ಜಡ್ಡು, ಅಷ್ಟಾಗಿ ನೋಯದು. ಒಂದೇ ಕಡೆ ಗಟ್ಟಿಯಾಗಿ ಮೊಳೆಯಂತೆ ಒಳಗೆ ಒತ್ತಿದರೆ ಅದು ಆಣಿ, ಹೆಜ್ಜೆಯಿಟ್ಟರೆ ಜೀವ ಹೋದಂತಾಗುತ್ತದೆ. ಆಣಿ ಕಿತ್ತು, ಮರುದಿನ ಅದೇ ಬಿಗಿ ಚಪ್ಪಲಿ ಮೆಟ್ಟಿದರೆ ಅದು ಮತ್ತೆ ಹಾಜರ್!

ಮದ್ದು ಸುಲಭ. ರಾತ್ರಿ 10 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಮೆತ್ತಗಾಗುತ್ತದೆ. ಬೆರಳು ಹಿಸುಕದಂಥ ಅಗಲದ ಚಪ್ಪಲಿ ಬೇಕು. ಅದನ್ನೂ ಸಂಜೆ ಹೊತ್ತು ಕೊಳ್ಳುವುದು ಲೇಸು, ದಿನವಿಡೀ ನಿಂತ ಕಾಲು ಆಗ ತುಸು ಊದಿರುತ್ತದೆ.

ಆದರೆ ಸಕ್ಕರೆ ಕಾಯಿಲೆಯವರು ಈ ಉಸಾಬರಿಗೇ ಹೋಗಬಾರದು. ಅವರ ಪಾದಕ್ಕೆ ಸ್ಪರ್ಶ ಕಡಿಮೆ, ಗಾಯವಾದರೂ ಗೊತ್ತಾಗದು, ಬೇಗ ಮಾಯದು. ಮೆಡಿಕಲ್ ಶಾಪಿನ ಕಾರ್ನ್ ಕ್ಯಾಪಿನಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸಣ್ಣ ಗಾಯ ಕೀವಾಗಿ, ಬೆರಳನ್ನೇ, ಕೆಲವೊಮ್ಮೆ ಪಾದವನ್ನೇ ಕತ್ತರಿಸುವ ಗತಿ ಬರಬಹುದು. ಅವರು ದಿನವೂ ಪಾದ ನೋಡಿಕೊಳ್ಳಲಿ, ಆಣಿ ಕಂಡರೆ ನೇರ ಡಾಕ್ಟರ ಬಳಿ ಹೋಗಲಿ.

ಇನ್ನು ಅಂಗಡಿ ಸಾಹುಕಾರರಿಗೆ ಒಂದು ಮಾತು. ನಿಂತು ದುಡಿಯುವ ಅಂಗಡಿ ನೌಕರರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹುಡುಗ ಐದು ನಿಮಿಷ ಕೂತರೆ ವ್ಯಾಪಾರವೇನೂ ಮುಳುಗದು. ಗಲ್ಲಾ ಪೆಟ್ಟಿಗೆಯ ಹಿಂದೆ ಮೆತ್ತೆ ಹಾಕಿ ಕೂತವರು ಕೌಂಟರಿನ ಹಿಂದೊಂದು ಸ್ಟೂಲು ಹಾಕಿಸಲು ಯಾವ ಸರ್ಕಾರದ ಅಪ್ಪಣೆ ಕಾಯಬೇಕು?